ಜೇಡಿ ಒಡೆದ ಒರತೆ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಲಿ. ಹಗರಿಯ ಮರಳಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರು ನಾವು. ನಮ್ಮ ಲಕ್ಕಿಹಟ್ಟಿಯ ಅವಧೂತೆ ಶ್ರೀ ಹೊನ್ನೂರಮ್ಮನವರ ವಿಷಯದಲ್ಲಿ ಸುಳ್ಳು ಸೇರಿಸುವ ದರ್ದು ನಮಗಿಲ್ಲ. ಅಂಥ ಪುಣ್ಯವಂತರು ಬೇರೆ ಯಾವ ಊರಲ್ಲಿದ್ದರೋ ತೋರಿಸಿ ನೋಡೋಣ.

ಅವ್ವನವರು ಹೊಳೆದಂಡೆಯ ಮೇಲೆ ಈಚಲು ಗರಿಯ ಗುಡಿಸಲಲ್ಲಿ ವಾಸವಾಗಿದ್ದರು. ಹೊಳೆ ಅಂದಕೂಡಲೇ ನೀರು ಅಂದುಕೊಳ್ಳಬೇಡಿ. ಪಡುವಣ ಬೆಟ್ಟದಲ್ಲಿ ಹುಟ್ಟಿ ವೇದಾವತಿ ಅನ್ನಿಸಿಕೊಳ್ಳುವ ತಾಯಿ, ನಮ್ಮ ಸೀಮೆ ಮುಟ್ಟುವ ಹೊತ್ತಿಗೆ ಹಗರಿ ಆಗಿರುತ್ತಾಳೆ. ಕಣ್ಣು ಹಾಯುವ ತನಕ ಬರೀ ಮರಳು. ಆಷಾಢದ ಗಾಳಿ ಬೀಸಿತೆಂದರೆ ಆ ಮರಳು ಎದ್ದು ಹೋಗಿ ಮೂಡಣ ದಂಡೆಯ ಸಜ್ಜೆ ಹೊಲಗಳ ಮೇಲೆ ಮಲಗುತ್ತದೆ. ನೀರಿರುವುದು ಮರಳಿನ ಅಡಿಗೆ. ಅಲ್ಲಿ ಕರೀ ಜೇಡಿಮಣ್ಣಿನ ಪದರವೊಂದು ಸಿಹಿನೀರನ್ನು ಬೋಗುಣಿಯ ಹಾಗೆ ಹಿಡಿದಿಟ್ಟಿರುತ್ತದೆ. ಅದರ ಕೆಳಗಿರುವುದು ಸವುಳು, ಬಾಯಿಗಿಡಲಾಗದ ಉಪ್ಪುನೀರು. ಅದಕ್ಕೇ ಬೇಸಿಗೆಯಲ್ಲಿ ಒರತೆ ತೋಡುವವರು ಜೇಡಿ ತಾಕಿತೆಂದರೆ ಹಾರೆ, ಸಲಿಕೆಗಳನ್ನು ಮೇಲಕ್ಕೆಸೆದು, ಉಳಿದ ಮರಳನ್ನು ಕೈಯಲ್ಲೇ ಬಳಿದು ತೆಗೆಯಬೇಕು. ಅದು ಹಟ್ಟಿಯ ಕಟ್ಟಳೆ.

ಗಾದ್ರಪ್ಪ ಆ ಕಟ್ಟಳೆ ಮುರಿದ. ಅವನ ತೋಳಿನಂಥ ತೋಳು ಹೊಳೆಸಾಲಿನಲ್ಲೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ. ಒರತೆ ಸಣ್ಣಗಾದ ಆ ಬೇಸಿಗೆಯಲ್ಲಿ, "ಕೈಲಿ ಕೆರೆಯಾಕೆ ನಾನೇನು ಕೋಳಿಯೇನ್ರೋ?" ಎಂದು ನಕ್ಕು ಹಾರೆ ಹಾಕಿದ. ಜೇಡಿ ಒಡೆಯಿತು. ನೀರು ಭರ್ರನೆ ಉಕ್ಕಿತು. ಜನ ಕೇಕೆ ಹಾಕಿದರು, ಗಾದ್ರಪ್ಪ ಮೀಸೆ ತಿರುವಿದ. ಮೊದಲ ಕೊಡ ತುಂಬಿಕೊಂಡ ಅವನ ಹೆಂಡತಿ ಮಾರಕ್ಕ ಒಂದು ಗುಟುಕು ಕುಡಿದವಳೇ ಥೂ ಎಂದು ಉಗಿದಳು.

ಆಮೇಲೆ ಎಲ್ಲಿ ತೋಡಿದರೂ ಸವುಳೇ. ಬೋಗುಣಿಗೇ ತೂತು ಬಿದ್ದಿತ್ತಲ್ಲ. ಒಂದೊಂದೇ ಮನೆಯವರು ಸಾಮಾನು ಕಟ್ಟಿಕೊಂಡು, ದನ ಹೊಡೆದುಕೊಂಡು ಹೊರಟುಹೋದರು. ಮಾರಕ್ಕನ ಕೈಯಲ್ಲಿ ಹಸುಗೂಸು. ಅವಳಪ್ಪ ಬಂಡಿ ತಂದ.

"ನೀರು ಸಿಹಿಯಾದ ದಿನ ಹೇಳಿಕಳ್ಸು ಅಳಿಯಾ, ಅವತ್ತೇ ಕಳಿಸ್ತೀನಿ. ಉಪ್ಪು ಕುಡಿದೋಳ ಎದೇಲಿ ಹಾಲೆಲ್ಲಿಂದ ಬಂದಾತು?"

ಬಂಡಿ ಕಣ್ಮರೆಯಾದ ಮೇಲೆ ಗಾದ್ರಪ್ಪ ಸೀದಾ ಅವ್ವನವರ ಗುಡಿಸಲಿಗೆ ನುಗ್ಗಿದ. ಅವರಿಗೆ ಎಂದೂ ಕೈಮುಗಿದವನಲ್ಲ, ಹುಚ್ಚಿ ಅಂತಲೇ ಕರೆಯುತ್ತಿದ್ದವನು.

"ನಿನ್ನನ್ನೇ ದೇವರು ಅಂತಾರಲ್ಲ, ಹೊಳೆ ತರಿಸು ನೋಡಾನ! ಒಂದ್ಸಲ ಹರಿದ್ರೆ ಸವುಳೆಲ್ಲ ತೊಳಕೊಂಡು ಹೋಗ್ತೈತೆ. ನನ್ನ ಹೆಂಡ್ತಿ, ಕೂಸು ಮನೆಗೆ ಬರ್ತಾವೆ."

ಅವ್ವನವರು ತಲೆಯೆತ್ತಿ ನೋಡಿದರು. "ಹೊಳೆ ಎಲ್ಲಿ ನಿಂತೈತೋ ನೋಡ್ಕೊಂಡು ಬಾ," ಎಂದರು, ಅಷ್ಟೇ.

ಅವನು ಹಟಕ್ಕೆ ಬಿದ್ದು ಹೊಳೆಗುಂಟ ಮೇಲಕ್ಕೆ ನಡೆದ. ದಾರಿಯಲ್ಲೇ ಮಾವನ ಊರು. ಬಾವಿಕಟ್ಟೆಯ ಮೇಲಿದ್ದ ಮಾರಕ್ಕನಿಗೆ ಕೇಳುವಂತೆ, "ಹೊಳೇನ ಕರ್ಕೊಂಡು ಬರಾಕೆ ಹೊಂಟೀನಿ ಕಣೇ!" ಎಂದು ಕೂಗಿದ.

"ಹಗ್ಗ ತಗೊಂಡೋಗು. ಬರಲ್ಲ ಅಂದ್ರೆ ಕಟ್ಟಿ ಎಳ್ಕೊಂಡು ಬಾ!" ಅಂದಳು ಆಕೆ. ಇಬ್ಬರೂ ನಕ್ಕರು. ಅವರು ಕೂಡಿ ನಕ್ಕದ್ದು ಅದೇ ಕೊನೆ.

ಮರಳು ಹೋಗಿ ಗರಸುಕಲ್ಲಿನ ನೆಲ ಬಂತು. ಎರಡೂ ಕಡೆ ಕಾರೆ, ಜಾಲಿ ಬಿಟ್ಟರೆ ಬೇರೇನೂ ಇಲ್ಲದ ಬೋಳು ಗುಡ್ಡಗಳು. ಆ ಗುಡ್ಡಗಳ ಕೆಮ್ಮಣ್ಣೆಲ್ಲ ಇಳಿದು ಬಂದು ಕೆರೆಗಳ ಹೊಟ್ಟೆಯಲ್ಲಿ ತುಂಬಿಕೊಂಡಿತ್ತು. ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು. ಊರೂರಿಗೂ ಹೊಳೆಗೆ ಅಡ್ಡಲಾಗಿ ಒಡ್ಡು, ಒಡ್ಡಿನ ಹಿಂದೆ ಒಣಗಿ ಬಿರುಕು ಬಿಟ್ಟ ಕೆಸರು. ಯಾರನ್ನು ಬೈಯುವುದು? ಅವರ ಕೊಡಗಳೂ ಖಾಲಿ. ಮುಂದೆ ಬೆಟ್ಟ ಏರಿದ. ಮಂಜು ಕುಡಿದು ನಿಂತ ಹುಲ್ಲು, ಹುಲ್ಲಿನ ಸಂದಿಗಳಲ್ಲಿ ಒತ್ತೊತ್ತಾದ ಕಾಡು, ಕಾಡಿನ ಅಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕುವ ಮಣ್ಣು. ಇಂಥ ಮಣ್ಣನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಒಂದು ಕಣಿವೆಯ ಕಾಡನ್ನು ಯಾರೋ ಇದ್ದಿಲಿಗಾಗಿ ಕಡಿದಿದ್ದರು. ಅಲ್ಲಿಂದಿಳಿಯುವ ತೊರೆಯಲ್ಲಿ ಬರೀ ಕಲ್ಲು. ಪಕ್ಕದ ಕಣಿವೆಯಲ್ಲಿ ಹೊಳೆ ಹುಟ್ಟುತ್ತಿತ್ತು, ಅಂಗೈಯಗಲ. ಗಾದ್ರಪ್ಪ ಅದಕ್ಕೆ ಪಾದ ಅಡ್ಡವಿಟ್ಟ. ಹೊಳೆ ನಿಂತುಹೋಯಿತು. ಹೆದರಿ ಕಾಲು ತೆಗೆದ.

ಇಷ್ಟೇ ಇತ್ತು. ಇಷ್ಟನ್ನು ಇಡೀ ಸೀಮೆ ಕುಡಿದು ಮಿಕ್ಕಿದ್ದು ಹಗರಿಯ ಮರಳಿಗೆ ಬರಬೇಕಿತ್ತು. ಹಾಗೆ ಬಂದು ಸೇರಿದ್ದನ್ನೇ ಅವನು ಒಂದು ಏಟಿಗೆ ಒಡೆದಿದ್ದ.

ತಿರುಗಿ ಬರುವಾಗ ಮಾರಕ್ಕ ಹೊಲದ ಬದುವಿನ ಮೇಲೆ ನಿಂತಿದ್ದಳು, ಬೆನ್ನಿಗೆ ಕೂಸು ಕಟ್ಟಿಕೊಂಡು. ಇವನು ತಲೆ ಎತ್ತಲಿಲ್ಲ. ಆಕೆಯೂ ಕರೆಯಲಿಲ್ಲ.

ಹಟ್ಟಿಯಲ್ಲಿ ಉಳಿದಿದ್ದವರು ಅವ್ವನವರೊಬ್ಬರೇ. ಅಷ್ಟು ದಿನವೂ ಸವುಳೇ ಕುಡಿದು ಅವರ ತುಟಿ ಒಡೆದಿತ್ತು, ಕಾಲು ಬಾತಿದ್ದವು.

"ಹೊಳೆ ಬರಾದಿಲ್ಲವ್ವಾ," ಎಂದ.

"ಹೂಂ. ಬರಾದಿಲ್ಲ."

ಒಂದು ಸುಳ್ಳನ್ನಾದರೂ ಹೇಳಿಯಾರು ಎಂದು ಆಸೆಪಟ್ಟಿದ್ದವನು ಅವರ ಮುಂದೆಯೇ ಕುಳಿತ. "ಮತ್ತೆ ನೀವ್ಯಾಕೆ ಹೋಗಲಿಲ್ಲ?" ಅವರಿಗೆ ನೀವು ಅಂದದ್ದು ಅದೇ ಮೊದಲು.

"ನೀನು ಬರ್ತೀಯಲ್ಲಪ್ಪ. ಯಾರೂ ಇಲ್ಲದ ಊರಿಗೆ ಬರಬಾರದು."

ಅವನನ್ನು ಒರತೆಯ ಬಳಿಗೆ ಕರೆದೊಯ್ದರು. ಗಾದ್ರಪ್ಪ ಇಣುಕಿದ. ಒಡೆದ ಜಾಗದ ಸುತ್ತ ಹಸಿ ಜೇಡಿ ಮೆತ್ತಿತ್ತು, ಅದರ ತುಂಬ ಮುದಿ ಬೆರಳುಗಳ ಗುರುತು. ಕೈ ನಿಲುಕುವಷ್ಟನ್ನು ಅವ್ವನವರೇ ಮುಚ್ಚಿದ್ದರು. ನಡುವಿನ ತೂತಷ್ಟೇ ಉಳಿದಿತ್ತು. ಅವನು ಒರತೆಯ ಗುಂಡಿಗಿಳಿದು, ಅಂಚಿನಲ್ಲಿ ನಿಂತಿದ್ದ ಅವರ ಪಾದಕ್ಕೆ ಹಣೆ ಹಚ್ಚಿ, ಗಟ್ಟಿಯಾಗಿ ಅತ್ತ. ಅಳುತ್ತಲೇ ಜೇಡಿ ನಾದಿದ. ಉಳಿದದ್ದನ್ನು ಕೈಯಲ್ಲೇ ಮುಚ್ಚಿದ.

ಆ ವರ್ಷ ಹೊಳೆ ಬರಲಿಲ್ಲ. ಮರುವರ್ಷವೂ ಇಲ್ಲ. ನಾಲ್ಕು ಹನಿ ಮಳೆ ಬಿದ್ದದ್ದು ಮರಳಲ್ಲಿ ಇಳಿದು ಜೇಡಿಯ ಮೇಲೆ ನಿಂತಿತು. ನೀರು ಸಿಹಿಯಾಯಿತು ಅಂತ ಗಾದ್ರಪ್ಪ ಮಾವನಿಗೆ ಸುಳ್ಳು ಹೇಳಿಕಳಿಸಬಹುದಿತ್ತು, ಹಳೆಯ ಗಾದ್ರಪ್ಪನಾಗಿದ್ದರೆ ಡಂಗುರ ಸಾರಿಯೇ ಬಿಡುತ್ತಿದ್ದ. ಹೇಳಿಕಳಿಸಲಿಲ್ಲ. ಮಾರಕ್ಕ ಬರಲಿಲ್ಲ.

ಅವ್ವನವರು ದೇಹ ಬಿಡುವ ದಿನ ಬೆಳಿಗ್ಗೆ ಅವನನ್ನು ಹತ್ತಿರ ಕರೆದು, ತೆಂಗಿನ ಚಿಪ್ಪಿನಲ್ಲಿ ಆ ಒರತೆಯ ನೀರು ಕೊಟ್ಟರು. ಇನ್ನೂ ಉಪ್ಪಿತ್ತು. ಕುಡಿಯಬಹುದಾಗಿತ್ತು.