ಮೂರು ಸಲ ಲದ್ದಿ

ಧಣಿ ಪಂಪಣ್ಣ ದೌಲತ್ತಿಗೆ ಅಂತ ಒಂದು ಕುದುರೆ ತಂದ್ರು. ದೌಲತ್ತು ಧಣಿಗೆ, ಲದ್ದಿ ಆಳು ದುರ್ಗಪ್ಪನಿಗೆ. ಮುಂದೆ ಹೋದ್ರೆ ಕಚ್ಚುತ್ತೆ, ಹಿಂದೆ ಹೋದ್ರೆ ಒದೆಯುತ್ತೆ. ಮೂರು ವರ್ಷದಿಂದ ದುರ್ಗಪ್ಪನಿಗೆ ಒಂದು ದಿನಾನೂ ರಜೆ ಇಲ್ಲ.

"ಧಣಿ, ಮೊಮ್ಮಗಳು ಹುಟ್ಟಿ ತಿಂಗಳಾಯ್ತು. ಒಂದ್ಸಲ ಮುಖ ನೋಡ್ಕೊಂಡು ಬರ್ತೀನಿ."

"ಕುದುರೆ ನೋಡ್ಕೊಳ್ಳೋದೂ ಒಂದು ಕೆಲಸಾನೇನೋ? ಅದಕ್ಕೆ ರಜೆ ಬೇರೆ ಕೇಡು!"

ದುರ್ಗಪ್ಪ ಹೋಗಿ ಬೆಳಗಿನ ಲದ್ದೀನೆಲ್ಲ ಬಾಚಿ ತಿಪ್ಪೆಗೆ ಸುರಿದ. ಆಮೇಲೆ ಅಳುಮುಖ ಮಾಡ್ಕೊಂಡು ಬಂದು ಕುದುರೆ ಹಗ್ಗಾನ ಧಣಿ ಕೈಗಿಟ್ಟ.

"ಇವತ್ತು ಕುದುರೆ ಲದ್ದೀನೇ ಹಾಕಿಲ್ಲ ಧಣಿ. ಮಲಗಿದ್ರೆ ಕರುಳು ತಿರುಚಿ ಸತ್ತೇ ಹೋಗುತ್ತೆ. ಮೂರು ಸಲ ಹಾಕೋವರೆಗೂ ನಡೆಸ್ತಾ ಇರಿ, ಔಷಧಿ ತರ್ತೀನಿ."

ಅಂದೋನೇ ಮಗಳ ಊರಿನ ಬಸ್ಸು ಹತ್ತಿದ.

ಮೊಮ್ಮಗಳ ಮುಖ ನೋಡ್ಕೊಂಡು ಸಂಜೆ ಬಂದು ನೋಡಿದ್ರೆ ಧಣಿಯ ರೇಷ್ಮೆ ರುಮಾಲು ಕುದುರೆ ಬಾಯಲ್ಲಿತ್ತು. ಧಣಿ ಕುಂಟ್ಕೊಂಡು ಹಗ್ಗ ಎಳೀತಾ, ತಿರುಗಿ ತಿರುಗಿ ಬಾಲ ನೋಡ್ತಾ, "ಇನ್ನೊಂದೇ ಸಲ ಹಾಕಪ್ಪಾ, ನಮ್ಮಪ್ಪಾ" ಅಂತ ಅಂಗಲಾಚ್ತಿದ್ರು.

ಅಷ್ಟರಲ್ಲೇ ಮೂರನೇ ಸಲದ ಲದ್ದಿ ಬಿತ್ತು. ಧಣಿ ಅಳ್ತಾ ದುರ್ಗಪ್ಪನ್ನ ತಬ್ಕೊಂಡ್ರು.

"ಇದೆಂಥ ಕೆಲಸ ಅಂತ ಇವತ್ತು ಗೊತ್ತಾಯ್ತು ಕಣೋ!"

ದುರ್ಗಪ್ಪ ಒಳಗೊಳಗೇ ಹಿಗ್ಗಿದ.

"ಇಷ್ಟು ದೊಡ್ಡ ಕೆಲಸ ಬಿಟ್ಟು ನೀನಿನ್ನು ಎಲ್ಲಿಗೂ ಹೋಗಬೇಡ," ಅಂದ್ರು ಧಣಿ. "ಮೊಮ್ಮಗಳ ಮದುವೆಗೂ!"