ಒರೆಸಿದ ಸೊನ್ನೆ

ಹೊಳೆಯ ದಂಡೆಗೆ ಒಂದು ಮಠ. ಮಠದ ಹಿಂದಿನ ಕೋಣೆಯಲ್ಲಿ ತಾಳೆಗರಿಗಳ ಭಂಡಾರ. ಅದನ್ನು ನೋಡಿಕೊಳ್ಳುತ್ತಿದ್ದವರು ಗುರುಪಾದಯ್ಯನವರು. ಎಲ್ಲರಿಗೂ ಅವರು ಅಜ್ಜಾರು.

ಹಳ್ಳಿಯ ಮನೆಗಳಲ್ಲಿ ಅಟ್ಟ ಸೇರಿದ್ದ ಗರಿಗಳ ಕಟ್ಟನ್ನು ಅಜ್ಜಾರು ಕೇಳಿ ತರುತ್ತಿದ್ದರು. ಒಂದೊಂದು ಗರಿಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅಕ್ಷರ ಎದ್ದು ಕಾಣುವಂತೆ ಮಾಡಿ, ಕಟ್ಟನ್ನು ಮನೆಯವರಿಗೆ ಹಿಂದಿರುಗಿಸುತ್ತಿದ್ದರು. ಕಂಪ್ಯೂಟರ್ ಕಲಿತದ್ದೇ ಅರವತ್ತು ದಾಟಿದ ಮೇಲೆ.

ಆ ಕೆಲಸ ಕಲಿಯಲು ನೀಲಾಂಬಿಕೆ ಬಂದಳು. ಪೇಟೆಯ ಸ್ಟುಡಿಯೋದಲ್ಲಿ ನಾಲ್ಕು ವರ್ಷ ಮದುವೆ ಫೋಟೋ ತಿದ್ದಿದವಳು. ಮದುಮಗಳ ಮುಖದ ಮೊಡವೆಯನ್ನು ಅವಳಷ್ಟು ಬೇಗ ಒರೆಸುವವರು ಆ ಪೇಟೆಯಲ್ಲಿ ಇರಲಿಲ್ಲ.

ಮೊದಲ ದಿನವೇ ಅಜ್ಜಾರು ಹೇಳಿದರು: "ಗರಿ ಮ್ಯಾಲೆ ಕೈ ಇಡಬ್ಯಾಡವ್ವಾ. ಮ್ಯಾಲೊಂದು ಲೇಯರ್ ಹಾಸು, ಗಾಜಿನಂಥಾ ಪದರ. ಬೆಳಕು ಹೆಚ್ಚಿಸಾಕ ಒಂದು, ಕಲೆ ತೆಗಿಯಾಕ ಒಂದು. ಏನ ಮಾಡಿದ್ರೂ ಅದರ ಮ್ಯಾಲೆ. ಕೆಳಗಿನ ಚಿತ್ರ ಹೆಂಗ ಬಂದೈತೋ ಹಂಗ ಇರಲಿ."

"ಅಷ್ಟು ಲೇಯರ್ ಇಟ್ರ ಫೈಲ್ ಭಾರ ಆಗತೈತ್ರಿ ಅಜ್ಜಾರ. ಕಂಪ್ಯೂಟರ್ ತಡಾ ಮಾಡತೈತಿ."

"ಮಾಡಲಿ. ನಮಗೇನ ಬಸ್ ತಪ್ಪೂದೈತಿ?"

ನೀಲಾ ನಗು ನುಂಗಿಕೊಂಡಳು. ವಯಸ್ಸಾದವರ ಕೆಲಸ ಹೀಗೇ ಎಂದುಕೊಂಡಳು. ಆದರೂ ಒಂದು ತಿಂಗಳು ಹೇಳಿದ ಹಾಗೆಯೇ ಮಾಡಿದಳು.

ಆಮೇಲೆ ಈರಮ್ಮನ ಮನೆಯ ಕಟ್ಟು ಬಂತು.

ಗರಿಗಳ ತುಂಬ ಹುಳ ಕೊರೆದ ತೂತುಗಳು. ಒಂದೊಂದು ತೂತಿಗೂ ಲೇಯರ್ ಹಾಸುತ್ತ ಕೂತರೆ ವಾರ ಹಿಡಿದೀತು ಎನ್ನಿಸಿತು ನೀಲಾಳಿಗೆ. ಅಜ್ಜಾರು ಪಕ್ಕದ ಊರಿಗೆ ಹೋಗಿದ್ದರು. ಅವಳು ನೇರ ಚಿತ್ರದ ಮೇಲೇ ಕೈ ಹಚ್ಚಿದಳು. ಮೊಡವೆ ಒರೆಸಿದಂತೆ ತೂತು ಒರೆಸಿದಳು. ಹಾಗೇ ಸೇವ್ ಮಾಡಿದಳು. ಮುಂದಿನ ಕಟ್ಟಿಗೆ ಜಾಗ ಬೇಕೆಂದು ಕ್ಯಾಮೆರಾದಲ್ಲಿದ್ದ ಮೂಲ ಫೋಟೋಗಳನ್ನೂ ಅಳಿಸಿದಳು.

ಸಂಜೆ ಅಜ್ಜಾರು ಬಂದು ನೋಡಿದರು.

"ನಿನ್ನೆ ಕೊರೆದ ಗರಿ ಇದ್ದಂಗ ಐತಿ" ಎಂದರು.

ನೀಲಾ ಅದನ್ನು ಹೊಗಳಿಕೆ ಎಂದೇ ತಿಳಿದಳು.

ಆ ಗರಿಗಳಲ್ಲಿ ಒಂದು ಹಾಡಿತ್ತು. ಅದರ ಕೊನೆಯ ಸಾಲು ನೀಲಾಳಿಗೆ ತುಂಬ ಹಿಡಿಸಿತ್ತು. 'ಹೊಳೆಯ ದಡದಿ ನಿಂತು ನೋಡಿದೆ, ಎನ್ನ ಕದ ಕಾಣದು.' ತನ್ನ ಮನೆಯ ಬಾಗಿಲೇ ತನಗೆ ಕಾಣದವನ ಮಾತು. ಎಂಥ ಅನುಭಾವ ಎಂದುಕೊಂಡಳು. ಚಂದದ ಅಕ್ಷರದಲ್ಲಿ ಬರೆದು ಗೋಡೆಗೂ ಅಂಟಿಸಿದಳು.

ಹದಿನೈದು ದಿನ ಕಳೆದು ಈರಮ್ಮನೇ ಬಂದಳು. ಎಂಬತ್ತರ ಮುದುಕಿ. ಕೈಯಲ್ಲಿ ಕೋಲು, ಸೆರಗಿನಲ್ಲಿ ಅಜ್ಜಾರಿಗೆಂದು ಕಟ್ಟಿಕೊಂಡ ಶೇಂಗಾ ಹೋಳಿಗೆ.

"ಹಾಡು ಓದಿ ಹೇಳ್ರಿ ಯಪ್ಪಾ. ನಮ್ಮವ್ವ ಹಾಡತಿದ್ಲು. ಧಾಟಿ ನೆನಪೈತಿ, ಕಡೀ ಸಾಲು ಮರತೈತಿ."

ನೀಲಾ ಓದಿದಳು. ಈರಮ್ಮ ಕಣ್ಣು ಮುಚ್ಚಿ, ಓದಿದ್ದನ್ನು ಧಾಟಿಗೆ ಕೂಡಿಸುತ್ತ ಹೋದಳು. ಕೊನೆಯ ಸಾಲಿನಲ್ಲಿ ದನಿ ಎಡವಿತು.

"ಇನ್ನೊಮ್ಮೆ ಓದವ್ವಾ."

"ಎನ್ನ ಕದ ಕಾಣದು."

ಮುದುಕಿ ತಲೆಯಾಡಿಸಿದಳು. "ಇಲ್ಲಿ ನಮ್ಮವ್ವ ಒಂದೀಟು ಎಳೀತಿದ್ಲು. ನಿನ್ನ ಮಾತು ಗಿಡ್ಡ ಆತು."

ಅಜ್ಜಾರು ನೀಲಾಳ ಕಡೆ ತಿರುಗಿದರು. "ಕ ಮತ್ತು ದ, ಈ ಎರಡರ ನಡುವ ಗರಿಯೊಳಗ ಏನಿತ್ತವ್ವಾ?"

"ಏನಿಲ್ರಿ. ಒಂದು ಹುಳದ ತೂತಿತ್ತು."

"ದುಂಡಗಿತ್ತೇನು?"

ನೀಲಾಳಿಗೆ ಆಗ ಹೊಳೆಯಿತು. ಹಳೆಯ ಗರಿಗಳಲ್ಲಿ ಸೊನ್ನೆಯೂ ದುಂಡಗೇ ಇರುತ್ತದೆ. ಹುಳದ ತೂತಿನಷ್ಟೇ ಇರುತ್ತದೆ.

"ಗರಿ ಒಮ್ಮೆ ಕೊಡ್ರಿ ಅಮ್ಮಾ, ನೋಡತೀನಿ" ಎಂದಳು ಈರಮ್ಮನಿಗೆ.

"ಎಲ್ಲಿ ಗರಿ ತಾಯಿ? ಚಿತ್ರ ತಗದಾತಲ್ಲ, ಹುಳ ಹಿಡಿದದ್ದು ಮನ್ಯಾಗ ಯಾಕ ಅಂತ ಮಕ್ಕಳು ಹೊಳಿಗೆ ಬಿಟ್ರು."

ನೀಲಾ ಕಂಪ್ಯೂಟರಿನ ಮುಂದೆ ಕೂತಳು. ಫೈಲು ತೆರೆದಳು. ಒಂದೇ ಒಂದು ಲೇಯರ್. ಅದರ ಕೆಳಗೆ ಏನೂ ಇಲ್ಲ. ಸೊನ್ನೆ ಇದ್ದಿರಬೇಕಾದ ಕಡೆ ಗರಿ ನುಣ್ಣಗೆ, ಮದುಮಗಳ ಕೆನ್ನೆಯ ಹಾಗೆ ಹೊಳೆಯುತ್ತಿತ್ತು.

"ಅಜ್ಜಾರ, ನಾ ಒರಸೇನ್ರಿ. ಮೂಲ ಇಲ್ರಿ."

ಅಜ್ಜಾರು ಬೈಯಲಿಲ್ಲ. ಈರಮ್ಮನ ಪಕ್ಕ ನೆಲದ ಮೇಲೆ ಕೂತರು. "ಅವ್ವಾ, ಇನ್ನೊಮ್ಮೆ ಹಾಡು. ಮಾತು ಬ್ಯಾಡ, ಧಾಟಿ ಅಷ್ಟ."

ಮುದುಕಿ ಗುನುಗಿದಳು. ಅಜ್ಜಾರು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಅದೇ ಜಾಗದಲ್ಲಿ ದನಿ ನಿಂತಿತು, ಎಳೆಯಿತು, ಮುಂದೆ ಹೋಯಿತು.

"ಸೊನ್ನೆ ಕೂಡಿದ್ರ ಅಕ್ಷರ ಗುರು ಆಗತೈತಿ, ದನಿ ಎಳೀಬೇಕಾಗತೈತಿ. ಸಾಲ್ಯಾಗ ಕಲತೀದಿ ಅಲ್ಲ ನೀಲಾ?"

"ಕಲತೇನ್ರಿ."

"ಈಗ ಓದು."

ನೀಲಾ ಮೆಲ್ಲಗೆ ಓದಿದಳು. "ಹೊಳೆಯ ದಡದಿ ನಿಂತು ನೋಡಿದೆ, ಎನ್ನ ಕಂದ ಕಾಣದು."

ಈರಮ್ಮ ಕಣ್ಣು ತೆರೆದಳು.

"ಅದ! ಅದ ಮಾತು. ಇದನ್ನ ಬರದಾಂವ ನಮ್ಮ ಮುತ್ತಜ್ಜ. ಎಂಟು ವರ್ಷದ ಮಗಳನ್ನ ಹೊಳಿ ಆಚಿ ಊರಿಗೆ ಮದುವಿ ಮಾಡಿ ಕೊಟ್ಟಿದ್ನಂತ. ದಿನಾ ಸಂಜಿಕ ಇಲ್ಲಿ ಬಂದು ನಿಂದರತಿದ್ನಂತ."

ನೀಲಾ ಗೋಡೆಯ ಮೇಲಿನ ಹಾಳೆಯನ್ನು ನೋಡಲಾರದೆ ಮುದುಕಿಯ ಕಾಲಿನ ಬಳಿ ಕೂತಳು. "ನಿಮ್ಮ ಮುತ್ತಜ್ಜನ ಮಗಳನ್ನ ನಾ ಒರಸಿಬಿಟ್ಟಿದ್ದೆ ಅಮ್ಮಾ."

"ಮತ್ತ ಸಿಕ್ಕಳಲ್ಲ, ಬಿಡು" ಎಂದಳು ಈರಮ್ಮ. ಸೆರಗಿನ ಗಂಟು ಬಿಚ್ಚಿ ಅವಳ ಕೈಗೊಂದು ಹೋಳಿಗೆ ಇಟ್ಟಳು.

ಮುದುಕಿ ಹೋದೊಡನೆ ನೀಲಾ ಕಂಪ್ಯೂಟರಿಗೆ ಓಡಿದಳು. ಮೌಸ್ ಹಿಡಿದ ಅವಳ ಕೈ ಮೇಲೆ ಅಜ್ಜಾರು ಕೈ ಇಟ್ಟರು.

"ಏನ ಮಾಡತೀ?"

"ಸೊನ್ನೆ ಬರೀತೀನ್ರಿ."

"ಎಲ್ಲಿ?"

"ಗರಿ ಮ್ಯಾಲೆ."

"ಒರಸಿದ್ದೂ ಗರಿ ಮ್ಯಾಲೇನ."

"ಆಗ ತಪ್ಪಾಗಿತ್ರಿ. ಇದು ಖರೇ ಅಲ್ರೀ?"

"ಹದಿನೈದು ದಿನದ ಹಿಂದ ಅದು ತೂತು ಅನ್ನೂದೂ ನಿನಗ ಖರೇನ ಇತ್ತು."

ನೀಲಾ ಹೊಸದೊಂದು ಲೇಯರ್ ಹಾಸಿದಳು. ಅದರ ಮೇಲೆ ಕೆಂಪು ಬಣ್ಣದಲ್ಲಿ ಸೊನ್ನೆ ಬರೆದಳು. ಹೆಸರಿನ ಜಾಗದಲ್ಲಿ ಟೈಪ್ ಮಾಡಿದಳು: 'ನೀಲಾಂಬಿಕೆ ಒರೆಸಿದ್ದು. ಈರಮ್ಮನವರ ಧಾಟಿಯಿಂದ ಊಹಿಸಿದ್ದು.'

ಲೇಯರಿನ ಪಕ್ಕದ ಕಣ್ಣಿನ ಗುರುತನ್ನು ಅಜ್ಜಾರು ಒತ್ತಿದರು. ಕೆಂಪು ಸೊನ್ನೆ ಮರೆಯಾಯಿತು. ಕದ. ಮತ್ತೆ ಒತ್ತಿದರು. ಕಂದ.

"ಇದಿಷ್ಟ" ಎಂದರು.

ಮರುದಿನ ಬೆಳಿಗ್ಗೆ ನೀಲಾ ಚೀಲ ಹಿಡಿದು ಬಂದಳು. "ಊರಿಗೆ ಹೋಗತೀನ್ರಿ ಅಜ್ಜಾರ. ಇನ್ನು ಗರಿ ಮುಟ್ಟಾಕ ನನಗ ಅಂಜಿಕಿ."

ಅಜ್ಜಾರು ಎದ್ದು ಕಪಾಟಿನಿಂದ ಒಂದು ಗರಿ ತಂದು ಅವಳ ಮುಂದೆ ಹಿಡಿದರು. ನಡುವೆ ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಕೊರೆದಿತ್ತು. ಎರಡೂ ಓದಲು ಬರುತ್ತಿರಲಿಲ್ಲ.

"ಆಗ ನಿನ್ನಷ್ಟ ವಯಸ್ಸು ನನಗ. ಬರದವರು ತಪ್ಪ್ಯಾರ ಅಂತ ತಿಳಕೊಂಡು, ಗರಿ ಕೊರೆಯೂ ಕಬ್ಬಿಣದ ಕಂಟ ಹಿಡಿದು ನಾನ ತಿದ್ದಿದೆ. ಸಂಜಿಕ ನನಗ ಈ ಕೆಲಸ ಕಲಿಸಿದ ಗುರುಗಳು ತೋರಿಸಿಕೊಟ್ರು, ಬರದವರದ ಸರಿ ಇತ್ತು."

"ಒಳಗಿನ ಅಕ್ಷರ ಯಾವುದಿತ್ರಿ?"

"ಗುರುಗಳಿಗೆ ಗೊತ್ತಿತ್ತು. ನನಗ ಕೇಳೂ ಧೈರ್ಯ ಆಗಲಿಲ್ಲ. ಅವರೂ ಹೋದರು."

ನೀಲಾ ಆ ಅಕ್ಷರದ ಮೇಲೆ ಬೆರಳು ತಾಗದಂತೆ ಬಗ್ಗಿ ನೋಡಿದಳು. "ಗುರುಗಳು ಏನಂದ್ರು ನಿಮಗ?"

"ಏನೂ ಅನ್ನಲಿಲ್ಲ. ಮರುದಿನ ಭಂಡಾರದ ಕೀಲಿಕೈ ನನ್ನ ಕೈಯಾಗ ಕೊಟ್ರು."

"ಅಂಥಾ ತಪ್ಪು ಮಾಡಿದ ಕೈಗೆ? ಯಾಕ್ರೀ?"

ಅಜ್ಜಾರು ಸೊಂಟದ ಕೀಲಿಗೊಂಚಲು ಬಿಚ್ಚಿ ಅವಳ ಚೀಲದ ಮೇಲೆ ಇಟ್ಟರು.

"ಅಂಜೂದು ಕಲತ ಕೈ ಸುಲಭಕ್ಕ ಸಿಗೂದಿಲ್ಲವ್ವಾ."