ಹೊರಗಿದ್ದ ಚಿಲಕ

ಶಿಷ್ಯ ಕೇಳಿದ: “ಗುರುಗಳೇ, ಕ್ಷಮಿಸಿದ ಮೇಲೆ ಮರೆಯಬೇಕಲ್ಲವೇ? ನೆನಪಿಟ್ಟುಕೊಂಡೇ ಇದ್ದರೆ ಅದು ಎಂಥ ಕ್ಷಮೆ?”

ಗುರು ಹೇಳಿದ:

ಒಂದು ಬಂದರು ಊರಿನಲ್ಲಿ ಕಪ್ಪು ಮೈಯ, ಗುಂಗುರು ಕೂದಲಿನ ಜನರ ಒಂದು ಕೇರಿಯಿತ್ತು. ಅವರ ಹಿರಿಯರು ಹಿಂದೆ ಯಾವಾಗಲೋ ಕಡಲು ದಾಟಿ ಬಂದವರು. ಊರಿನವರು ಅವರನ್ನು ಕೆಲಸಕ್ಕೆ ಕರೆಯುತ್ತಿದ್ದರು, ಜೊತೆಗೆ ಕೂರಿಸಿಕೊಳ್ಳುತ್ತಿರಲಿಲ್ಲ. ಊರ ಬೀದಿಯ ಕೊನೆಯಲ್ಲಿ ಅವರದೊಂದು ಹುಲ್ಲು ಮಾಡಿನ ಪ್ರಾರ್ಥನಾಮಂದಿರವಿತ್ತು.

ಒಂದು ಬೆಳಿಗ್ಗೆ ಅವರಲ್ಲಿ ಕೆಲವರು ಪ್ರಾರ್ಥನೆಗೆ ಕೂತಿದ್ದಾಗ, ಅವರ ಬಣ್ಣವನ್ನು ಕಂಡರಾಗದ ಒಬ್ಬ ಹಗ್ಗದ ವ್ಯಾಪಾರಿ ಹೊರಗಿನಿಂದ ಚಿಲಕ ಹಾಕಿ ಮಾಡಿಗೆ ಬೆಂಕಿ ಇಟ್ಟ. ಒಳಗಿದ್ದ ಹನ್ನೊಂದು ಜನವೂ ಸತ್ತರು.

ಆ ಕೇರಿಯ ಸೂಲಗಿತ್ತಿ ಲುವಿಜಾ ಆ ಹೊತ್ತಿನಲ್ಲಿ ಊರಿನ ಒಂದು ಮನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ಹೊಗೆ ಕಂಡು, ಮಗುವನ್ನು ಅದರ ಅಜ್ಜಿಯ ಕೈಗಿತ್ತು ಓಡಿದಳು. ಅವಳು ಬರುವಷ್ಟರಲ್ಲಿ ಕೂಗು ನಿಂತಿತ್ತು. ಗಂಡ ಹೋಗಿದ್ದ. ಮಗಳೂ ಹೋಗಿದ್ದಳು.

ಕೇರಿಯವರು ಮಂದಿರವನ್ನು ಮತ್ತೆ ಕಟ್ಟಿದರು. ಅರ್ಧ ಸುಟ್ಟ ಬಾಗಿಲನ್ನು ಮಾತ್ರ ಬದಲಿಸಲಿಲ್ಲ. ವರ್ಷಕ್ಕೊಮ್ಮೆ ಅದರ ಮುಂದೆ ನಿಂತು ಹನ್ನೊಂದು ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು.

ಒಂಬತ್ತು ವರ್ಷಗಳ ನಂತರ ಸೆರೆಮನೆಯಿಂದ ಲುವಿಜಾಳಿಗೆ ಕರೆ ಬಂತು. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಆ ವ್ಯಾಪಾರಿ ಸಾಯುತ್ತಿದ್ದ. ಅವಳು ಹೋಗಿ ಅವನ ಪಕ್ಕದಲ್ಲಿ ಕೂತಳು.

“ಅಮ್ಮಾ, ಚಿಲಕ ಹಾಕಿದವನು ನಾನು. ಬೆಂಕಿ ಇಟ್ಟವನೂ ನಾನೇ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ,” ಎಂದ.

ಲುವಿಜಾ, “ನನ್ನ ಮಗಳ ಹೆಸರು ಸೆವ್ರಿನಾ. ಒಮ್ಮೆ ಹೇಳು,” ಎಂದಳು. ಅವನು ಹೇಳಿದ. ಹೇಳುತ್ತ ಅತ್ತ. “ಕ್ಷಮಿಸಿದ್ದೇನೆ,” ಎಂದು ಹೇಳಿ ಅವಳು ಎದ್ದು ಬಂದಳು.

ಸುದ್ದಿ ತಿಳಿದು ಊರ ಬೀದಿಯ ಹಿರಿಯರು ಶಾಲು ಹಿಡಿದು ಅವಳ ಮನೆಗೆ ಹೋದರು. “ಲುವಿಜಮ್ಮ, ನಿಮ್ಮದು ದೊಡ್ಡ ಮನಸ್ಸು. ಅಲ್ಲಿಗೆ ಎಲ್ಲ ಮುಗಿಯಿತಲ್ಲ? ಇನ್ನು ಆ ಸುಟ್ಟ ಬಾಗಿಲು ತೆಗೆಸಿಬಿಡಿ. ಹೆಸರು ಕೂಗುವುದೂ ಬೇಡ. ಊರಿಗೆ ಕೆಟ್ಟ ಹೆಸರು,” ಎಂದರು.

ಅವಳು ಶಾಲು ಮುಟ್ಟಲಿಲ್ಲ. “ಅವನು ಕೇಳಿದ, ಕ್ಷಮಿಸಿದೆ. ಆ ದಿನ ನಾನು ಓಡಿ ಬರುವಾಗ ಹಾಡಹಗಲು. ನಿಮ್ಮ ಬೀದಿಯ ಒಂದು ಬಾಗಿಲೂ ತೆರೆದಿರಲಿಲ್ಲ. ಚಿಲಕ ಹೊರಗಿತ್ತು. ಯಾರು ಬೇಕಾದರೂ ತೆಗೆಯಬಹುದಿತ್ತು. ನೀವು ಯಾರೂ ಇನ್ನೂ ಕೇಳಿಯೇ ಇಲ್ಲವಲ್ಲ?” ಎಂದಳು.

ಹಿರಿಯರು ಶಾಲನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಗುರು ಕತೆ ನಿಲ್ಲಿಸಿದ. ಶಿಷ್ಯ ಮೆಲ್ಲಗೆ ಕೇಳಿದ: “ಆಮೇಲಾದರೂ ಅವರಲ್ಲಿ ಯಾರಾದರೂ ಹೋಗಿ ಕೇಳಿದರೇ?”

ಗುರು ಹೇಳಿದ: “ಆ ಬೀದಿಯ ಮೂರನೆಯ ಮನೆ ನನ್ನದಾಗಿತ್ತು, ನಾನಿನ್ನೂ ಕೇಳಿಲ್ಲ.”